ಸ್ಟಾಫಾನನ ದುಃಖಾನ್ವೇಷಣೆ

ಸ್ಟಾಫಾನ್ ಎಕ್‌ಮಾನನ ಜೀವನದ ಬಹುದೊಡ್ಡ ದುಃಖವೆಂದರೆ ಅವನಿಗೆ ದುಃಖವೇ ಇರಲಿಲ್ಲ. ವಯಸ್ಸು ಐವತ್ತಾರು. ವೆಟ್ಟರ್ನ್ ಸರೋವರದ ದಂಡೆಯ ಮೋಟಾಲದಲ್ಲಿ ಸ್ವಂತದ್ದೊಂದು ಕನ್ನಡಕದ ಅಂಗಡಿ, ಹಳದಿ ಬಣ್ಣದ ಮರದ ಮನೆ, ಮನೆಯ ಹಿಂದೆ ಎರಡು ಸೇಬಿನ ಮರ. ಬಿಪಿ ಇಲ್ಲ, ಸಕ್ಕರೆ ಇಲ್ಲ, ತಲೆಯ ಮೇಲೆ ಸುಮಾರಾಗಿ ಕೂದಲೂ ಇದೆ. ಬೇರೆ ಯಾರಾದರೂ ಆಗಿದ್ದರೆ ದೇವರಿಗೊಂದು ಕೈಮುಗಿದು ಸುಮ್ಮನಿರುತ್ತಿದ್ದರು. ಆದರೆ ಸ್ಟಾಫಾನ್ ಒಂದು ವಾದ್ಯವೃಂದದ ಹಾಡುಗಾರ. ಅದೂ ಅಂತಿಂಥ ವೃಂದವಲ್ಲ, ವಿಷಾದವನ್ನೇ ಉಂಡು ವಿಷಾದವನ್ನೇ ಹೊದೆಯುವ ಪ್ರೋಗ್ರೆಸಿವ್ ರಾಕ್ ವೃಂದ.

ವೃಂದದ ಹೆಸರು ಗ್ರೋವಾಟೆನ್. ಅಂದರೆ ಬೂದುನೀರು. ನವೆಂಬರಿನ ಸರೋವರ, ಅದರ ಮೇಲೆ ಮಂಜು, ದಡದಲ್ಲಿ ಒಬ್ಬಂಟಿ ಮನುಷ್ಯ, ಇದನ್ನೆಲ್ಲ ಒಂದೇ ಪದದಲ್ಲಿ ಹಿಡಿದಿಟ್ಟೆವೆಂದು ನಾಲ್ವರು ಗೆಳೆಯರೂ ಆಗ ಹಿಗ್ಗಿದ್ದರು. (ನಗರಸಭೆಯ ಕಾಗದಪತ್ರಗಳಲ್ಲಿ ಆ ಪದಕ್ಕೆ ಪಾತ್ರೆ ತೊಳೆದು ಬಚ್ಚಲಿಗೆ ಬಿಟ್ಟ ನೀರು ಎಂಬ ಅರ್ಥವಿದೆಯೆಂದು ತಿಳಿಯುವ ಹೊತ್ತಿಗೆ ಪೋಸ್ಟರು ಅಚ್ಚಾಗಿಹೋಗಿತ್ತು.)

ಅವರ ಸಂಗೀತ ಹೇಗಿತ್ತೆಂದರೆ, ಹಾಡು ಶುರುವಾಗಿ ನಾಲ್ಕು ನಿಮಿಷ ಬರೀ ಮಂಜು ಇಳಿಯುತ್ತದೆ. ಆಮೇಲೆ ದೂರದಲ್ಲೆಲ್ಲೋ ಒಂದು ಗಿಟಾರು, ಯಾರನ್ನೋ ಕಳೆದುಕೊಂಡು ಹುಡುಕುವವರ ಹಾಗೆ, ಒಂದೊಂದೇ ಸ್ವರ ಕರೆಯುತ್ತದೆ. ಡ್ರಮ್ಮು ಏಳೇಳು ಪೆಟ್ಟಿನ ಲೆಕ್ಕದಲ್ಲಿ (ನಮ್ಮವರು ಮಿಶ್ರಛಾಪು ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ) ಕುಂಟುತ್ತ ಜೊತೆಗೂಡುತ್ತದೆ. ಎಲ್ಲಕ್ಕಿಂತ ಮೇಲೆ ಸ್ಟಾಫಾನನ ಮೆಲೊಟ್ರಾನ್. ಹಳೆಯ ಕಾಲದ ಕೀಬೋರ್ಡು ಅದು. ಒಂದು ಕೀ ಒತ್ತಿದರೆ ಒಳಗೊಂದು ಟೇಪು ಓಡಿ, ಯಾರೋ ಯಾವತ್ತೋ ನುಡಿಸಿಟ್ಟ ಪಿಟೀಲು, ಯಾರೋ ಯಾವತ್ತೋ ಹಾಡಿಟ್ಟ ಕೋರಸ್ಸು ನೀರಿನಡಿಯಿಂದ ಬಂದಂತೆ ಕೇಳುತ್ತದೆ. ಎಂಟೇ ಸೆಕೆಂಡು. ಟೇಪು ಮುಗಿದರೆ ಸ್ವರ ಸತ್ತುಹೋಗುತ್ತದೆ, ಬೆರಳೆತ್ತಿ ಮತ್ತೆ ಒತ್ತಬೇಕು. ಅದನ್ನು ಕೇಳಿದಾಗ ಎಂಥ ಗಟ್ಟಿ ಮನುಷ್ಯನಿಗೂ ಎದೆಯಲ್ಲಿ ಏನೋ ಒಂದು ಜಾರಿದಂತಾಗುತ್ತದೆ. ತೂಕ ಮಾತ್ರ ಐವತ್ತೈದು ಕೆಜಿ.

ಅವರ ಒಂದೇ ಒಂದು ಆಲ್ಬಮ್ ಬಂದದ್ದು ತೊಂಬತ್ತಾರನೆಯ ಇಸವಿಯಲ್ಲಿ. ಬಿಕರಿಯಾದದ್ದು ಎಂಟುನೂರ ಹನ್ನೆರಡು ಪ್ರತಿ. ಆದರೆ ಕೊಂಡವರು ಅದನ್ನು ಇವತ್ತಿಗೂ ದೇವರ ಪಟದ ಹಾಗೆ ಜೋಪಾನ ಮಾಡಿದ್ದರು. ಜಪಾನಿನ ಒಬ್ಬ ಹಲ್ಲಿನ ವೈದ್ಯ ಪ್ರತಿ ಕ್ರಿಸ್‌ಮಸ್ಸಿಗೆ ಶುಭಾಶಯ ಕಳಿಸಿ, ಎರಡನೆಯದು ಯಾವಾಗ ಎಂದು ವಿನಯದಿಂದ ವಿಚಾರಿಸುತ್ತಿದ್ದ. ಸ್ಟಾಫಾನ್ ಪ್ರತಿ ವರ್ಷವೂ "ಬರುವ ವರ್ಷ" ಎಂದು ಅಷ್ಟೇ ವಿನಯದಿಂದ ಉತ್ತರಿಸುತ್ತಿದ್ದ.

ಹೀಗಿರುವಾಗ ಏಪ್ರಿಲಿನ ಒಂದು ಮಧ್ಯಾಹ್ನ ಡ್ರಮ್ಮಿನ ಯೆರ್ಕೆರ್ ಕನ್ನಡಕದ ಅಂಗಡಿಗೇ ನುಗ್ಗಿದ. ಊರಿನ ಬಸ್ಸು ಓಡಿಸುವವನು. ಬಸ್ಸನ್ನು ಬಾಗಿಲ ಮುಂದೆಯೇ ನಿಲ್ಲಿಸಿ ಬಂದಿದ್ದ. ಒಳಗೆ ಕೂತ ಪ್ರಯಾಣಿಕರು ಗಾಜಿನಿಂದ ಇಣುಕುತ್ತಿದ್ದರು.

"ನಮ್ಮನ್ನ ಕರೆದಿದಾರೆ ಕಣೋ! ಜೂನ್ ತಿಂಗಳ ಸಂಗೀತೋತ್ಸವಕ್ಕೆ. ಇಲ್ಲೇ, ಸರೋವರದ ಪಾರ್ಕಿನಲ್ಲಿ. ಆದ್ರೆ ಒಂದು ಷರತ್ತು. ಒಂದಾದ್ರೂ ಹೊಸ ಹಾಡು ಬೇಕಂತೆ."

"ಹೊಸದಾ? ಹಳೇದೇ ಇನ್ನೂ ಯಾರಿಗೂ ಅರ್ಥ ಆಗಿಲ್ವಲ್ಲೋ!"

"ನಂಗೂ ಆಗಿಲ್ಲ, ಆದ್ರೂ ಬಾರಿಸ್ತಿಲ್ವಾ? ನೋಡು, ನಮಗೆ ವಯಸ್ಸಾಯ್ತು. ಇದು ತಪ್ಪಿದ್ರೆ ಇನ್ನೊಂದು ಸಲ ಯಾರೂ ಕರಿಯಲ್ಲ. ನೀನು ಸುಮ್ನೆ ಹೋಗಿ ಸ್ವಲ್ಪ ನೊಂದ್ಕೊ." ಹೀಗೆ ಹೇಳಿ ಅವನು ಬಸ್ಸು ಹತ್ತಿ ಹೋದ.

ನೊಂದುಕೊಳ್ಳುವುದು ಎಲ್ಲಿಂದ? ಸಂಜೆ ಸ್ಟಾಫಾನ್ ನೆಲಮಾಳಿಗೆಗೆ ಇಳಿದು, ದೀಪ ಸಣ್ಣದು ಮಾಡಿ, ಮೆಲೊಟ್ರಾನಿನ ಮುಂದೆ ಮುಖ ಜೋಲುಹಾಕಿ ಕೂತ. ಸಾವು, ಅಗಲಿಕೆ, ಕಾಲನ ಕ್ರೂರ ಗತಿ, ಒಂದೊಂದನ್ನೇ ನೆನೆದ. ಆಗ ಮೇಲಿನ ಅಡುಗೆಮನೆಯಲ್ಲಿ ಅವನ ಹೆಂಡತಿ ಉಲ್ರಿಕಾ ಹಾಡಲು ಶುರುಮಾಡಿದಳು. ಉಲ್ರಿಕಾ ನಗರಸಭೆಯ ಈಜುಕೊಳದಲ್ಲಿ ಮುದುಕ ಮುದುಕಿಯರಿಗೆ ನೀರಿನಲ್ಲಿ ವ್ಯಾಯಾಮ ಕಲಿಸುವವಳು. ಶನಿವಾರದ ಕುಣಿತಕ್ಕೆ ನುಡಿಸುವಂಥ ಹಾಡುಗಳಿಗೆ ಮೊಣಕಾಲು ಎತ್ತಿಸಿ, ತೋಳು ತಿರುಗಿಸಿ, ಎಂಬತ್ತರ ಅಜ್ಜಂದಿರನ್ನೂ ಕಿಲಕಿಲ ನಗಿಸುತ್ತಿದ್ದಳು. ಮನೆಗೆ ಬಂದ ಮೇಲೂ ಅವೇ ಹಾಡು. ಚಾವಣಿ ಟಕಟಕ ಎಂದಿತು. ಒಲೆಯ ಮುಂದೆ ಹೆಜ್ಜೆ ಹಾಕುತ್ತಿದ್ದಾಳೆ ಎಂದಾಯಿತು.

"ಸ್ಟಾಫಾನ್! ದಾಲ್ಚಿನ್ನಿ ಬನ್ನು ಬಿಸಿಯಾಗಿದೆ, ಬಾ!"

ಅವನು ಹೋದ. ಮೂರು ತಿಂದ. ಹೀಗೆ ಹೊತ್ತುಹೊತ್ತಿಗೆ ಬನ್ನು ಬರುವ ಮನೆಯಲ್ಲಿ ಬನ್ನ ಎಲ್ಲಿಂದ ಬರಬೇಕು? ಈ ಹೆಂಗಸು ನನ್ನ ಕಲೆಯನ್ನು ಬೆಣ್ಣೆ ಸಕ್ಕರೆ ಹಾಕಿ ಕೊಲ್ಲುತ್ತಿದ್ದಾಳೆ ಎಂದು ಅವನಿಗೆ ಮೊದಲ ಸಲ ಹೊಳೆಯಿತು. ಅದರ ಬೆನ್ನಿಗೇ ಇನ್ನೊಂದು ವಿಷಯವೂ ಹೊಳೆಯಿತು. ತೊಂಬತ್ತಾರರಲ್ಲಿ, ಇನ್ನೂ ಮದುವೆಯಾಗದ ಉಲ್ರಿಕಾ, ಗೋಟ್‌ಲಂಡ್ ದ್ವೀಪಕ್ಕೆ ಕೆಲಸಕ್ಕೆ ಹೋಗಿ ಆರು ತಿಂಗಳು ಒಂದು ಸಾಲು ಕಾಗದವನ್ನೂ ಹಾಕಿರಲಿಲ್ಲ. ಆ ಆರು ತಿಂಗಳಲ್ಲೇ ಆಲ್ಬಮ್ ಹುಟ್ಟಿದ್ದು. ಅವಳು ಮರಳಿದಳು, ಮದುವೆಯಾಯಿತು, ಒರತೆ ಬತ್ತಿತು.

ಗುರುವಾರ ಬಟಾಣಿ ಸೂಪಿನ ಮುಂದೆ ಅವನು ವಿಷಯ ತೆಗೆದ.

"ಉಲ್ರಿಕಾ, ಒಂದು ಮೂರು ವಾರ ಎಲ್ಲಿಗಾದ್ರೂ ಹೋಗ್ತೀಯಾ?"

"ಹೋಗೋಣ. ಎಲ್ಲಿಗೆ?"

"ಹೋಗೋಣ ಅಲ್ಲ, ಹೋಗ್ತೀಯಾ ಅಂದೆ. ನಾನಿಲ್ಲದ ಕಡೆಗೆ."

ಉಲ್ರಿಕಾ ಚಮಚ ಕೆಳಗಿಟ್ಟಳು. "ಯಾಕೋ? ಯಾವಳಾದ್ರೂ ಬರ್ತಿದಾಳಾ?"

"ಯಾರೂ ಬರಬಾರದು ಅಂತಾನೇ ಕಣೇ ಹೇಳ್ತಿರೋದು! ನಂಗೆ ಒಂಟಿತನ ಬೇಕು. ನೀನು... ಹೇಗೆ ಹೇಳ್ಲಿ... ನೀನು ವಿಪರೀತ ಖುಷಿಯಾಗಿರ್ತೀಯ. ಅದರಿಂದ ನನ್ನ ಕಲೆಗೆ ತೊಂದರೆ ಆಗ್ತಿದೆ."

"ಅಯ್ಯೋ, ಗೊತ್ತೇ ಇರ್ಲಿಲ್ಲ ನೋಡು. ಮೊದಲೇ ಹೇಳಿದ್ರೆ ಆವಾಗಾವಾಗ ಅಳ್ತಿದ್ನಲ್ಲ!"

"ತಮಾಷೆ ಅಲ್ಲ. ನೀನು ಗೋಟ್‌ಲಂಡಿನಲ್ಲಿ ನಿಮ್ಮಕ್ಕನ ಮನೇಲಿದ್ದಾಗಲೇ ನಾನು ಆ ಹಾಡುಗಳನ್ನೆಲ್ಲ ಕಟ್ಟಿದ್ದು."

"ಅಂದ್ರೆ ನಾನು ವಾಪಸ್ ಬಂದು ನಿನ್ನ ಕಟ್ಕೊಂಡಿದ್ದು ಸಂಗೀತಲೋಕಕ್ಕೆ ತುಂಬಲಾರದ ನಷ್ಟ?"

"ಹಾಗಲ್ಲ," ಎಂದ ಸ್ಟಾಫಾನ್. (ಹಾಗೇ.)

"ಫೋನ್ ಮಾಡಬಹುದಾ?"

"ಬೇಡ. ಕಾಗದಾನೂ ಬೇಡ. ನೀನು ಅಲ್ಲಿ ನನ್ನ ಮರೆತೇಬಿಟ್ಟಿದೀಯ ಅಂತ ನಂಗೆ ಅನ್ನಿಸಬೇಕು."

ಉಲ್ರಿಕಾ ನಕ್ಕಳು. ಆ ನಗು ದಿನದ ನಗುವಿಗಿಂತ ಒಂದು ಗೇಣು ಚಿಕ್ಕದಿತ್ತು. ಊರಿನವರ ದೃಷ್ಟಿದೋಷವನ್ನೆಲ್ಲ ಪರೀಕ್ಷಿಸುವ ಸ್ಟಾಫಾನನಿಗೆ ಅದು ಕಾಣಲಿಲ್ಲ. ಸೂಪಿಗೆ ಸಾಸಿವೆ ಹಾಕಿಕೊಳ್ಳುತ್ತಿದ್ದ. ಮೇ ತಿಂಗಳ ಮೊದಲ ಸೋಮವಾರ ಅವಳು ತನ್ನ ಹಳದಿ ಮಳೆಕೋಟು ಹಾಕಿಕೊಂಡು, ಬೇಕಾದಷ್ಟು ರಜೆ ಬರೆದುಹಾಕಿ, ದ್ವೀಪದ ಹಡಗು ಹತ್ತಿದಳು.

ಅವಳನ್ನು ಕಳಿಸಿ ಮನೆಗೆ ಬಂದು ಸ್ಟಾಫಾನ್ ಪರದೆಗಳನ್ನೆಲ್ಲ ಎಳೆದ. ಕಪ್ಪು ಸ್ವೆಟರು ತೊಟ್ಟ. ಖಾಲಿ ಅಡುಗೆಮನೆಯಲ್ಲಿ ನಿಂತು, ದುಃಖ ಬಾಗಿಲು ತಟ್ಟುವುದನ್ನೇ ಕಾದ.

ತಟ್ಟಿದ್ದು ಪಕ್ಕದ ಮನೆಯ ವಿಧವೆ. ಹೆಂಡತಿ ಊರಲ್ಲಿಲ್ಲವಂತೆ ಪಾಪ, ಎಂದು ಒಂದು ದೊಡ್ಡ ತಟ್ಟೆ ಮೀನಿನ ಕಡುಬು ಕೊಟ್ಟುಹೋದಳು. ಮಂಗಳವಾರ ಅವನು ಯಾರ ಅಪ್ಪಣೆಯೂ ಇಲ್ಲದೆ ಸೋಫಾದ ಮೇಲೆ ಬೂಟುಗಾಲು ಚಾಚಿ ಟಿವಿಯಲ್ಲಿ ಐಸ್‌ಹಾಕಿ ಪಂದ್ಯ ನೋಡಿದ. ಬುಧವಾರ ದಪ್ಪದೊಂದು ಸಾಸೇಜನ್ನು ಬೆಣ್ಣೆಯಲ್ಲಿ ಹುರಿದು, ತಟ್ಟೆ ತೊಳೆಯುವ ರಗಳೆ ಬೇಡವೆಂದು ಬಾಣಲೆಯಿಂದಲೇ ತಿಂದ. ಗುರುವಾರ ತಾನು ಸಿಳ್ಳೆ ಹಾಕುತ್ತಿರುವುದನ್ನು ತಾನೇ ಹಿಡಿದುಬಿಟ್ಟ. ಹೊರಗಡೆಯೋ, ಮೇ ತಿಂಗಳು ಮರ್ಯಾದೆ ಬಿಟ್ಟು ಅರಳಿತ್ತು. ಸೇಬಿನ ಮರಗಳೆರಡೂ ಹೂವಿನಿಂದ ಬೆಳ್ಳಗಾಗಿದ್ದವು, ಹಕ್ಕಿಗಳು ಬೆಳಗಿನಿಂದ ಬಾಯಿ ಮುಚ್ಚಲಿಲ್ಲ, ಪರದೆಯ ಸಂದಿಯಿಂದಲೂ ಬಿಸಿಲು ಒಳಗೆ ನುಗ್ಗಿ ಕಲಾವಿದನ ಮೂಗಿನ ಮೇಲೆ ಕೂರುತ್ತಿತ್ತು. ಈರುಳ್ಳಿ ಹೆಚ್ಚಿ ನೋಡಿದ. ಕಣ್ಣಿನಲ್ಲಿ ನೀರು ಬಂತು, ಆದರೆ ಸ್ವರ ಬರಲಿಲ್ಲ, ಹಸಿವು ಬಂತು.

ಎರಡು ವಾರ ಹೆಣಗಿ ಒಂದು ರಾಗ ಕಟ್ಟಿದ. ಯೆರ್ಕೆರ್ ನೆಲಮಾಳಿಗೆಗೆ ಬಂದು, ಕೈಕಟ್ಟಿ ಕೂತು, ಕಣ್ಣುಮುಚ್ಚಿ ಪೂರ್ತಿ ಕೇಳಿದ.

"ಹೇಗಿದೆಯೋ?"

"ಚೆನ್ನಾಗಿದೆ," ಎಂದ ಯೆರ್ಕೆರ್. "ಐಸ್‌ಕ್ರೀಮ್ ಗಾಡಿಯವರು ಕೇಳಿದ್ರೆ ಕೊಟ್ಬಿಡು. ಮಕ್ಕಳು ಓಡಿ ಬರ್ತಾವೆ."

"ಅಷ್ಟು ಕೆಟ್ಟದಾಗಿದೆಯಾ?"

"ಕೆಟ್ಟದಾಗಿದ್ರೆ ಪರವಾಗಿಲ್ವೋ, ಖುಷಿಯಾಗಿದೆ! ಐವತ್ತಾರು ವರ್ಷದವನು ಹೆಂಡತಿ ಮನೆ ಬಿಟ್ಟುಹೋದ ಮೇಲೆ ಹೀಗಾ ಬರೆಯೋದು? ನಾಚಿಕೆ ಆಗಲ್ವಾ?"

ಹದಿನಾರನೆಯ ದಿನ ಕಾಗದ ಬಂತು. ಲಕೋಟೆಯ ಮೇಲೆ ಉಲ್ರಿಕಾಳ ದುಂಡಕ್ಷರ. ಬರೆಯಬೇಡವೆಂದರೂ ಬರೆದಿದ್ದಾಳಲ್ಲ, ಇವಳಿಗೆ ಒಂದು ಮಾತು ಹೇಳಿದರೆ ತಿಳಿಯುವುದಿಲ್ಲ ಎಂದು ಗೊಣಗುತ್ತ ಅವನು ಮೆಟ್ಟಿಲ ಮೇಲೇ ನಿಂತು ಒಡೆದ.

"ಸ್ಟಾಫಾನ್, ಇಲ್ಲಿ ಕಡಲು ಬೂದುಬಣ್ಣಕ್ಕಿದೆ. ನಿನಗೆ ಹಿಡಿಸುತ್ತಿತ್ತು. ಯಾಕೆ ಬಂದೆ ಎಂದು ಅಕ್ಕ ದಿನಾ ಕೇಳುತ್ತಾಳೆ. ನನ್ನ ನಗು ಜಾಸ್ತಿಯಾಯಿತೆಂದು ಕಳಿಸಿದ ಎನ್ನಲು ನಾಚಿಕೆಯಾಗಿ, ಗಾಳಿ ಬದಲಾವಣೆಗೆ ಬಂದೆ ಎಂದಿದ್ದೇನೆ. ಮನೆಯಲ್ಲಿ ನಾನು ಯಾಕೆ ಹಾಡುತ್ತೇನೆಂದು ಇಷ್ಟು ವರ್ಷದಲ್ಲಿ ನೀನು ಒಮ್ಮೆಯೂ ಕೇಳಲಿಲ್ಲ. ನೀನು ಕೆಳಗೆ ಇಳಿದುಹೋದ ಮೇಲೆ ಮನೆ ಎಷ್ಟು ಮೌನವಾಗುತ್ತದೆ, ನಿನಗೆ ಗೊತ್ತಿಲ್ಲ. ಆ ಮೌನ ಕಿವಿಗೆ ಬೀಳದಿರಲೆಂದು ಹಾಡುತ್ತೇನೆ. ಹಿಟ್ಟು ನಾದುತ್ತೇನೆ. ಬನ್ನು ಬೆಂದರೆ ನೀನು ಮೇಲೆ ಬರುತ್ತೀಯೆಂದು ಗೊತ್ತು. ನಿನಗೆ ಬೇಕಾದದ್ದು ನಾನಿಲ್ಲದ ದುಃಖ. ನನಗೆ ಸಿಕ್ಕಿದ್ದು ನೀನಿದ್ದ ದುಃಖ."

ಸ್ಟಾಫಾನ್ ಮೆಟ್ಟಿಲ ಮೇಲೆ ಕುಸಿದು ಕೂತ. ಎದೆಯಲ್ಲಿ ಏನೋ ಜಾರಿತು, ಈ ಸಲ ಮೆಲೊಟ್ರಾನಿನ ಸಹಾಯವಿಲ್ಲದೆಯೇ. ಯೋಗ್ಯನಾದ ಗಂಡನೊಬ್ಬ ಆ ಗಳಿಗೆಯಲ್ಲಿ ಫೋನೆತ್ತಿ ತಪ್ಪಾಯಿತೆನ್ನುತ್ತಿದ್ದ, ಇಲ್ಲವೆ ಮುಂದಿನ ಹಡಗು ಹಿಡಿಯುತ್ತಿದ್ದ. ಸ್ಟಾಫಾನನೂ ಫೋನಿನ ಕಡೆಗೇ ನಡೆದ. ನಡೆಯುತ್ತ ಕೊನೆಯ ಸಾಲನ್ನು ತುಟಿಯಲ್ಲೇ ಇನ್ನೊಮ್ಮೆ ಹೇಳಿಕೊಂಡ. ಮತ್ತೊಮ್ಮೆ ಹೇಳಿಕೊಂಡ. ಬೆರಳು ತಾವಾಗಿ ಗೋಡೆಯ ಮೇಲೆ ತಟ್ಟಿದವು.

ಏಳು ಪೆಟ್ಟು. ಸರಿಯಾಗಿ ಏಳು.

ಫೋನು ಅಲ್ಲೇ ಉಳಿಯಿತು. ಅವನು ನೆಲಮಾಳಿಗೆಗೆ ಇಳಿದವನು ಮೇಲೆ ಬಂದದ್ದು ಹನ್ನೊಂದು ನಿಮಿಷದ ಹಾಡಿನೊಂದಿಗೆ. ಕೊನೆಯ ಎರಡು ವಾಕ್ಯವನ್ನು ಮಾತ್ರ ಕೈಬಿಟ್ಟಿದ್ದ. (ಲಯಕ್ಕೆ ಚೆನ್ನಾಗಿ ಕೂರುತ್ತಿತ್ತು, ನಿಜ. ಆದರೆ ಆ 'ನೀನು' ಯಾರು ಎಂದು ಯಾರಾದರೂ ಕೇಳಿದರೆ?)

ಯೆರ್ಕೆರ್ ಈ ಸಲ ಕೇಳಿ ಮುಗಿಸಿದಾಗ ಡ್ರಮ್ಮಿನ ಮೇಲೆ ಎರಡು ಹನಿ ಬಿದ್ದಿದ್ದವು. "ಎಲ್ಲಿತ್ತೋ ಇದು ನಿನ್ನೊಳಗೆ?" ಎಂದು ಮೂಗೊರೆಸಿಕೊಂಡ.

"ಇತ್ತು," ಎಂದು ಸ್ಟಾಫಾನ್ ಗಂಭೀರವಾಗಿ ಹೇಳಿದ. "ಆಳದಲ್ಲಿ."

ಮೂರು ವಾರ ಮುಗಿಸಿ ಉಲ್ರಿಕಾ ಬಂದಳು. ಚೀಲ ಇಳಿಸಿ, ಬಾಣಲೆಯ ಸ್ಥಿತಿ ನೋಡಿ, ನಿಟ್ಟುಸಿರಿಟ್ಟು ಕೇಳಿದಳು, "ಕಾಗದ ಬಂತಾ?"

"ಬಂತು."

"ಓದಿದ್ಯಾ?"

"ತುಂಬಾ ಸಲ." (ಎರಡು ಸಲ ಮೈಕಿನಲ್ಲಿ.)

"ಏನನ್ನಿಸ್ತು?"

ಸ್ಟಾಫಾನ್ ಬಾಯಿ ತೆರೆದ. ಹೇಳಬೇಕಾದದ್ದೆಲ್ಲ ಗಂಟಲಿನವರೆಗೆ ಬಂದು, ಅಲ್ಲಿ ಆ ಹಾಡೂ ಇದ್ದುದರಿಂದ ದಾರಿ ಸಿಗದೆ ನಿಂತಿತು. "ನೀನು ಬಂದದ್ದು ಒಳ್ಳೇದಾಯ್ತು," ಎಂದ. ಉಲ್ರಿಕಾ ಬಾಣಲೆ ತೊಳೆಯಲು ಹೋದಳು. ಅಂದು ಅವಳು ಹಾಡಲಿಲ್ಲ. ಮರುದಿನವೂ ಹಾಡಲಿಲ್ಲ. ಮನೆಯ ಮೌನ ಸ್ಟಾಫಾನನ ಕಿವಿಗೂ ಬೀಳತೊಡಗಿತು. ಆದರೆ ಉತ್ಸವ ಮುಗಿಯಲಿ, ಆಮೇಲೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಸಮಾಧಾನ ಮಾಡಿಕೊಂಡ. ಹೇಗೂ ಅವಳು ಅವನ ಸಂಗೀತ ಕಚೇರಿಗಳಿಗೆ ಬಂದರೂ ಕಿವಿಗೆ ಹತ್ತಿ ಇಟ್ಟುಕೊಂಡು ನಿದ್ದೆ ಮಾಡುವವಳು.

ಉತ್ಸವದ ದಿನ ಹಾಳು ಬಿಸಿಲು. ಬೂದುನೀರಿನವರ ಪಾಳಿ ಮಧ್ಯಾಹ್ನ ಎರಡಕ್ಕೆ. ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ, ಸರೋವರ ನಾಚಿಕೆಯಿಲ್ಲದೆ ನೀಲಿ. ಆದರೂ ಇನ್ನೂರು ಗಂಡಸರು ಕಪ್ಪಂಗಿ ತೊಟ್ಟು, ಬೆವರು ಸುರಿಸುತ್ತ, ಕಣ್ಣುಮುಚ್ಚಿ ನಿಂತಿದ್ದರು. ಆ ಕಪ್ಪಿನ ನಟ್ಟನಡುವೆ ಮಡಚುವ ಕುರ್ಚಿಯ ಮೇಲೆ ಹೂವಿನ ಲಂಗ ತೊಟ್ಟ ಉಲ್ರಿಕಾ.

ಹೊಸ ಹಾಡು ಶುರುವಾಯಿತು. ಮಂಜು ಇಳಿಯಿತು. ಗಿಟಾರು ಕರೆಯಿತು. ಸ್ಟಾಫಾನ್ ಮೈಕಿಗೆ ಬಾಗಿ ಹಾಡಿದ, ಇಲ್ಲಿ ಕಡಲು ಬೂದುಬಣ್ಣಕ್ಕಿದೆ ಎಂದು. ಹಾಡುತ್ತ ಕಣ್ಣು ಅರ್ಧ ತೆರೆದು ನೋಡಿದ. ಉಲ್ರಿಕಾ ಕಿವಿಯಿಂದ ಹತ್ತಿ ತೆಗೆಯುತ್ತಿದ್ದಳು. ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು.

"ಆ ಮೌನ ಕಿವಿಗೆ ಬೀಳದಿರಲೆಂದು ಹಾಡುತ್ತೇನೆ" ಎಂಬಲ್ಲಿಗೆ ಬರುವಾಗ ಅವಳು ಎದ್ದು ನಿಂತಿದ್ದಳು. ಬನ್ನಿನ ಸಾಲಿಗೆ ಬರುವಾಗ ನಡೆಯಲು ಶುರುಮಾಡಿದ್ದಳು. ಕಪ್ಪಂಗಿಗಳು ಎರಡು ಪಾಲಾಗಿ ದಾರಿಬಿಟ್ಟವು. ಹಾಡು ಬನ್ನಿನಿಂದ ನೇರವಾಗಿ ಮೊದಲಿನ ಕಡಲಿಗೇ ಮರಳುವಾಗ ವೇದಿಕೆಯ ಮೆಟ್ಟಿಲು ಹತ್ತಿ ಬಂದು ಗಂಡನ ಪಕ್ಕದಲ್ಲಿ ನಿಂತಳು. ಸ್ಟಾಫಾನನ ಬೆರಳು ಒತ್ತಿದಲ್ಲೇ ಉಳಿಯಿತು; ಎಂಟು ಸೆಕೆಂಡಿಗೆ ಮೆಲೊಟ್ರಾನ್ ಸತ್ತುಹೋಯಿತು. ಯೆರ್ಕೆರ್ ಮಾತ್ರ ಇದೂ ಹಾಡಿನ ಭಾಗವೇ ಇರಬೇಕೆಂದು ಏಳು ಪೆಟ್ಟು ಬಿಡದೆ ಬಾರಿಸುತ್ತಿದ್ದ.

"ಕೊನೇ ಸಾಲು ಯಾಕೆ ಬಿಟ್ಟೆ?" ಎಂದು ಉಲ್ರಿಕಾ ಕೇಳಿದಳು. ಮೈಕು ಹತ್ತಿರವಿದ್ದುದರಿಂದ ಇನ್ನೂರು ಜನಕ್ಕೂ ಕೇಳಿಸಿತು.

"ಉಲ್ರಿಕಾ, ಆಮೇಲೆ ಮಾತಾಡೋಣ..."

"ಕಾಗದ ನಂದು. ಪೂರ್ತಿ ಓದಬೇಕು." ಅವಳು ಮೈಕು ತನ್ನ ಕಡೆಗೆ ತಿರುಗಿಸಿಕೊಂಡು, ಹಾಡದೆ, ಹಾಲಿನವನಿಗೆ ಲೆಕ್ಕ ಒಪ್ಪಿಸುವಷ್ಟು ಸಾದಾ ದನಿಯಲ್ಲಿ ಹೇಳಿದಳು:

"ನಿನಗೆ ಬೇಕಾದದ್ದು ನಾನಿಲ್ಲದ ದುಃಖ. ನನಗೆ ಸಿಕ್ಕಿದ್ದು ನೀನಿದ್ದ ದುಃಖ."

ಯೆರ್ಕೆರನ ಕೋಲು ಗಾಳಿಯಲ್ಲೇ ನಿಂತಿತು. ಸರೋವರದ ಮೇಲೆ ಒಂದು ಕಡಲಹಕ್ಕಿ ಕೂಗಿತು. ಆಮೇಲೆ ಮುಂದಿನ ಸಾಲಿನಲ್ಲಿದ್ದ ಗಡ್ಡದವನೊಬ್ಬ, ತೋಳಿನ ತುಂಬ ತಲೆಬುರುಡೆ ಹಚ್ಚೆ ಹಾಕಿಸಿಕೊಂಡ ದೈತ್ಯ, ಬಿಕ್ಕಿದ. ಅವನ ಪಕ್ಕದವನು ಬಿಕ್ಕಿದ. ಇನ್ನೂರು ಕಪ್ಪಂಗಿಗಳ ತೋಳು ಒಟ್ಟಿಗೆ ಕಣ್ಣಿಗೆ ಹೋದವು. ಅದರ ಬೆನ್ನಿಗೆ ಎದ್ದ ಚಪ್ಪಾಳೆಯನ್ನು ಸರೋವರದ ಆಚೆ ದಡದವರೂ ಕೇಳಿದರಂತೆ.

ಕಚೇರಿ ಮುಗಿದ ಮೇಲೆ ವೇದಿಕೆಯ ಪಕ್ಕದ ಮೇಜಿನ ಮುಂದೆ ದೊಡ್ಡ ಸರದಿ ನಿಂತಿತು. ಹಳೆಯ ಆಲ್ಬಮ್ ಎದೆಗವಚಿಕೊಂಡು ಬಂದವರೆಲ್ಲ ಸಹಿ ಕೇಳುತ್ತಿದ್ದುದು ಉಲ್ರಿಕಾಳಿಂದ. ಒಬ್ಬೊಬ್ಬರ ಮುಖವೂ ಅತ್ತು ಹಗುರಾಗಿ ಹೊಳೆಯುತ್ತಿತ್ತು. "ಅಳಿಸಿಕೊಂಡು ಇಷ್ಟು ಸಂತೋಷಪಡೋ ಜನಾನ ನಾನು ನೋಡೇ ಇರ್ಲಿಲ್ಲಪ್ಪ," ಎಂದು ಅವಳು ಯೆರ್ಕೆರನಿಗೆ ಹೇಳಿದಳು. "ಈಜುಕೊಳದಲ್ಲಿ ನಮ್ಮ ಅಜ್ಜಂದಿರಿಗೂ ಒಂದು ಸಲ ಹಾಕಿ ನೋಡ್ಬೇಕು." ಯೆರ್ಕೆರ್ ಅವಳ ಪಕ್ಕದಲ್ಲೇ ನಿಂತು, ಎರಡನೆಯ ಆಲ್ಬಮ್ಮಿಗೆ ಅವಳು ಇನ್ನೆಷ್ಟು ಕಾಗದ ಬರೆಯಬಲ್ಲಳೆಂದು ವಿಚಾರಿಸುತ್ತಿದ್ದ. "ವಸ್ತುವಿಗೇನೂ ಕೊರತೆ ಇಲ್ಲ," ಎಂದಳು ಉಲ್ರಿಕಾ.

ಸ್ಟಾಫಾನನನ್ನು ಒಬ್ಬನೇ ಒಬ್ಬ ಮಾತನಾಡಿಸಿದ್ದ. "ಈ ವ್ಯಾನು ನಿಮ್ಮದಾ? ಸ್ವಲ್ಪ ಆಕಡೆ ತಗೊಳ್ತೀರಾ?"

ವ್ಯಾನಿನ ಹಿಂದೆ ಒಬ್ಬನೇ ನಿಂತಾಗ ಅವನಿಗೆ ಮೊದಲ ಸಲ ಎಲ್ಲವೂ ಒಟ್ಟಿಗೆ ಕಂಡಿತು. ಇಪ್ಪತ್ತೊಂಬತ್ತು ವರ್ಷ ತಾನು ದುಃಖವನ್ನು ಹುಡುಕುತ್ತ ಕೆಳಗೆ ಕೂತಿದ್ದಾಗ, ಅದು ತಲೆಯ ಮೇಲೆಯೇ ಹಿಟ್ಟು ನಾದುತ್ತಿತ್ತು. ಕಾರಣಕರ್ತ ತಾನೇ. ಈರುಳ್ಳಿಯಿಲ್ಲದೆ ಕಣ್ಣು ತುಂಬಿತು. ಅಷ್ಟರಲ್ಲಿ ಆ ನೋವಿನ ತಳದಿಂದ, ನಿಧಾನಕ್ಕೆ, ಒಂದು ರಾಗ ಎದ್ದುಬಂತು. ಅವನದೇ ರಾಗ, ಯಾರ ಕಾಗದದ್ದೂ ಅಲ್ಲ. ಅವನು ಈವರೆಗೆ ಕಟ್ಟಿದ್ದೆಲ್ಲವೂ ಅದರ ಮುಂದೆ ಐಸ್‌ಕ್ರೀಮ್ ಗಾಡಿ. ಜೇಬು ತಡಕಿದ. ಪೆನ್ನಿಲ್ಲ. ಓಡಿದ.

"ಉಲ್ರಿಕಾ! ಆ ಪೆನ್ನು ಕೊಡು, ಬೇಗ! ಬಂದಿದೆ ಕಣೇ, ನಿಜವಾದದ್ದು ಬಂದಿದೆ!"

"ಸರದೀಲಿ ಬಾ," ಎಂದಳು ಉಲ್ರಿಕಾ ತಲೆಯೆತ್ತದೆ.

"ಒಂದೇ ನಿಮಿಷಕ್ಕೆ..."

"ಏನ್ರೀ, ನಾವೆಲ್ಲ ಇಲ್ಲಿ ಯಾಕೆ ನಿಂತಿದೀವಿ?" ಎಂದ ತಲೆಬುರುಡೆ ಹಚ್ಚೆಯ ದೈತ್ಯ.

ಸ್ಟಾಫಾನ್ ಹೋಗಿ ಸರದಿಯ ಕೊನೆಯಲ್ಲಿ ನಿಂತ. ಹದಿನೆಂಟನೆಯವನು. ತುಟಿ ಬಿಗಿಹಿಡಿದು ರಾಗವನ್ನು ಒಳಗೇ ಕಾಪಾಡಿಕೊಳ್ಳಲು ನೋಡಿದ. ಆದರೆ ಮುಂದೆ ನಿಂತವನು ಅಂದಿನ ಹೊಸ ಹಾಡನ್ನೇ ಅತಿ ಸಂತೋಷದಿಂದ ಗುನುಗುತ್ತಿದ್ದ, ಅದೂ ತಪ್ಪು ತಾಳದಲ್ಲಿ. ಬಿಸಿಲು ಬೆಚ್ಚಗಿತ್ತು. ಪಕ್ಕದ ಗಾಡಿಯಿಂದ ಸಾಸೇಜು ಹುರಿಯುವ ವಾಸನೆ ಬರುತ್ತಿತ್ತು. ಒಬ್ಬೊಬ್ಬರೇ ಮುಂದೆ ಸರಿಯುವಾಗ ರಾಗದ ಒಂದೊಂದೇ ಸ್ವರವೂ ಉದುರುತ್ತ ಹೋಗಿ, ಅವನ ಪಾಳಿ ಬರುವ ಹೊತ್ತಿಗೆ ಒಳಗೆ ಏನೂ ಉಳಿದಿರಲಿಲ್ಲ, ಹಸಿವೊಂದನ್ನು ಬಿಟ್ಟು.

"ತಪ್ಪಾಯ್ತು ಕಣೇ," ಎಂದ ಮೆತ್ತಗೆ. ಈ ಮಾತಿಗೆ ಮಾತ್ರ ಯಾವ ತಾಳವೂ ಇರಲಿಲ್ಲ.

ಉಲ್ರಿಕಾ ತಲೆಯೆತ್ತಿ ಅವನನ್ನು ನೋಡಿದಳು. ತುಟಿಯ ಕೊನೆಯಲ್ಲಿ ನಗು ಬಂತೋ ಏನೋ, ತಕ್ಷಣ ಬಗ್ಗಿ ಒಂದು ಕಾಗದ ಎಳೆದುಕೊಂಡಳು.

"ಯಾರ ಹೆಸರಿಗೆ ಬರೀಲಿ?"

"ಸ್ಟಾಫಾನ್," ಎಂದ ಅವನು.

ಅವಳು ದುಂಡಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಮಡಚಿ ಕೊಟ್ಟಳು. ವ್ಯಾನಿನ ಹತ್ತಿರ ಹೋಗಿ ಅವನು ಬಿಡಿಸಿ ಓದಿದ.

"ಪ್ರೀತಿಯ ಸ್ಟಾಫಾನ್‌ಗೆ. ನಾನು ಇವರ ಜೊತೆ ಕಾಫಿಗೆ ಹೋಗುತ್ತಿದ್ದೇನೆ. ಸಾಮಾನೆಲ್ಲ ಗಾಡಿಗೆ ಹಾಕಿರು. ಮೆಲೊಟ್ರಾನ್ ಮೊದಲು."